ಊರ ಗುಂಪಿನ ಫೈಲ್‌ಗಳು ಯಾರ ಹೆಸರಲ್ಲಿವೆ? ಎಲ್ಲರೂ ಬಳಸುವ ಫೋಲ್ಡರ್ ಜೋಪಾನ ಮಾಡುವ ಬಗೆ

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಸಣ್ಣ ಊರು. ಹದಿನಾಲ್ಕು ಮನೆಯವರು ಸೇರಿ ಅಡಿಕೆ ಬೆಳೆಗಾರರ ಗುಂಪು ಮಾಡಿಕೊಂಡಿದ್ದೇವೆ. ಔಷಧಿ ಹೊಡೆಯುವ ದೋಟಿ, ಬೋರ್ಡೊ ಔಷಧಿ ಮಾಡಲು ಬೇಕಾದ ಮೈಲುತುತ್ತ, ಸುಣ್ಣ ಎಲ್ಲ ಒಟ್ಟಿಗೆ ತರುತ್ತೇವೆ. ಲೆಕ್ಕಪತ್ರ ಮತ್ತು ಕಂಪ್ಯೂಟರ್ ಕೆಲಸ ನನ್ನ ಪಾಲಿಗೆ ಬಂದಿದೆ.

2021ರಲ್ಲಿ ಎಲೆಚುಕ್ಕಿ ರೋಗದ ಬಗ್ಗೆ ದಾಖಲೆ ಇಡಲು ಶುರು ಮಾಡಿದೆವು. ಯಾವ ತೋಟದಲ್ಲಿ ಯಾವಾಗ ಚುಕ್ಕಿ ಕಾಣಿಸಿತು, ಯಾವ ಔಷಧಿ ಹೊಡೆದೆವು, ಹದಿನೈದು ದಿನ ಬಿಟ್ಟು ಸೋಗೆ ಹೇಗಿತ್ತು ಅಂತ ಫೋಟೊ ಸಮೇತ. ಪಕ್ಕದ ಮನೆ ಹುಡುಗ ಗೂಗಲ್ ಡ್ರೈವ್‌ನಲ್ಲಿ ಒಂದು ಫೋಲ್ಡರ್ ಮಾಡಿ ಎಲ್ಲರಿಗೂ ಲಿಂಕ್ ಕಳಿಸಿದ. ನಾವು ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೊಗಳನ್ನು ಅವನೇ ಕೂತು ಅದಕ್ಕೆ ಹಾಕುತ್ತಿದ್ದ. ಎರಡು ಮಳೆಗಾಲ ಚೆನ್ನಾಗೇ ನಡೆಯಿತು. ಆಮೇಲೆ ಅವನಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿತು. ಒಂದು ದಿನ ರೋಗದ ಬಗ್ಗೆ ತಿಳಿದವರೊಬ್ಬರು ತೋಟ ನೋಡಲು ಬಂದು ಹಳೆಯ ಫೋಟೊ ಕೇಳಿದರು. ಲಿಂಕ್ ಒತ್ತಿದರೆ ಏನೂ ಇಲ್ಲ. ಹುಡುಗನಿಗೆ ಫೋನ್ ಮಾಡಿದೆ.

"ಅಕ್ಕಾ, ಸ್ಟೋರೇಜ್ ಫುಲ್ ಆಗಿ ಮೇಲ್ ಬರೋದೇ ನಿಂತಿತ್ತು. ಹಳೇದಲ್ವಾ ಅಂತ ದೊಡ್ಡ ಫೋಲ್ಡರ್ ಎಲ್ಲ ತೆಗೆದೆ. ನಿಮ್ಮ ಹತ್ರ ಒಂದು ಕಾಪಿ ಇರುತ್ತೆ ಅಂದ್ಕೊಂಡಿದ್ದೆ."

"ಯಾವಾಗ ತೆಗೆದೆ ಮಾರಾಯ?"

"ಎರಡು ತಿಂಗಳಾಯ್ತೇನೋ."

ಡ್ರೈವ್‌ನಲ್ಲಿ ಅಳಿಸಿದ ಫೈಲ್ ಟ್ರ್ಯಾಶ್‌ನಲ್ಲಿ 30 ದಿನ ಇರುತ್ತದೆ. ಆಮೇಲೆ ತಾನಾಗೇ ಹೋಗುತ್ತದೆ. ನಮ್ಮ ಎರಡು ವರ್ಷದ ಫೋಟೊ ಹಾಗೆ ಹೋಯಿತು. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನ ಖಾತೆ, ಅವನ ಜಾಗ, ಅವನು ತೆಗೆದ. ಹದಿನಾಲ್ಕು ಮನೆಯ ದಾಖಲೆಯನ್ನು ಒಬ್ಬನ ಹೆಸರಲ್ಲಿ ಬಿಟ್ಟು ಎರಡು ವರ್ಷ ಯಾರೂ ಆ ಬಗ್ಗೆ ಯೋಚಿಸಿರಲಿಲ್ಲ.

ಸ್ತ್ರೀಶಕ್ತಿ ಸಂಘ, ಜಾತ್ರೆ ಸಮಿತಿ, ಯಕ್ಷಗಾನ ತಂಡ, ಸಣ್ಣ ಆಫೀಸು, ಹೀಗೆ ನಾಲ್ಕು ಜನ ಸೇರಿ ಫೈಲ್ ಇಟ್ಟುಕೊಳ್ಳುವ ಎಲ್ಲರಿಗೂ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಗೂಗಲ್ ಡ್ರೈವ್‌ನವು, ಯಾಕೆಂದರೆ ಆಂಡ್ರಾಯ್ಡ್ ಫೋನ್ ಇರುವವರಿಗೆಲ್ಲ ಅದು ಈಗಾಗಲೇ ಇದೆ. ಮೈಕ್ರೋಸಾಫ್ಟ್ ಟೀಮ್ಸ್ ಬಳಸುವವರಿಗೂ ಕೊನೆಯ ಹೊತ್ತಿಗೆ ಒಂದಿಷ್ಟು ಹೇಳಿದ್ದೇನೆ.

ಮೊದಲ ಹೆಜ್ಜೆ: ಪಹಣಿ ನೋಡಿದ ಹಾಗೆ ಓನರ್ ನೋಡಿ

ತೋಟವನ್ನು ಯಾರೇ ನೋಡಿಕೊಳ್ಳಲಿ, ಜಾಗ ಕೊಳ್ಳುವಾಗ ನಾವು ಮೊದಲು ಪಹಣಿ ಯಾರ ಹೆಸರಲ್ಲಿದೆ ಅಂತ ನೋಡುತ್ತೇವೆ, ಅಲ್ವಾ? ಫೈಲಿಗೂ ಹಾಗೇ ಒಬ್ಬ ಓನರ್ ಇರುತ್ತಾನೆ. ಕಂಪ್ಯೂಟರ್‌ನಲ್ಲಿ ಡ್ರೈವ್ ತೆರೆದು ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ, ಫೈಲ್ ಇನ್ಫರ್ಮೇಶನ್ ಅಂತ ಇರುವಲ್ಲಿ ಡೀಟೇಲ್ಸ್ ಒತ್ತಿ. ಬಲಗಡೆ ಓನರ್ ಯಾರು ಅಂತ ಬರುತ್ತದೆ. ಫೋನಿನಲ್ಲಾದರೆ ಫೈಲಿನ ಪಕ್ಕದ ಮೂರು ಚುಕ್ಕೆ ಒತ್ತಿ ಡೀಟೇಲ್ಸ್ ನೋಡಬಹುದು.

ನಿಮ್ಮ ಗುಂಪಿನ ಹತ್ತು ಮುಖ್ಯ ಫೈಲ್‌ಗಳನ್ನು ಈಗಲೇ ಹೀಗೆ ನೋಡಿ, ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನಾನು ಬರೆದಾಗ ಐದು ಜನರ ಹೆಸರು ಬಂತು. ಅದರಲ್ಲಿ ಒಬ್ಬರು ಗುಂಪು ಬಿಟ್ಟು ವರ್ಷವಾಗಿತ್ತು.

ಇಲ್ಲಿ ಸುಮಾರು ಜನಕ್ಕೆ ತಿಳಿಯದ ಒಂದು ವಿಷಯವಿದೆ. ಫೋಲ್ಡರ್ ನಿಮ್ಮದಾಗಿದ್ದರೂ ಅದರೊಳಗೆ ಬೇರೆಯವರು ಹಾಕಿದ ಫೈಲ್ ಅವರದ್ದೇ. ಅದು ತಿನ್ನುವ ಜಾಗವೂ ಅವರ ಖಾತೆಯದ್ದೇ. ಅವರು ಅಳಿಸಿದರೆ ನಿಮ್ಮ ಫೋಲ್ಡರಿನಿಂದಲೂ ಹೋಗುತ್ತದೆ. ಬೇರೆಯವರ ಕಣದಲ್ಲಿ ನಮ್ಮ ಅಡಿಕೆ ಒಣಗಿಸಲು ಹಾಕಿದ ಹಾಗೆ. ಕಣ ಅವರದ್ದು, ಅಡಿಕೆ ನಮ್ಮದು, ಬೇಕಾದಾಗ ತುಂಬಿಕೊಂಡು ಹೋಗಬಹುದು.

ಎರಡನೇ ಹೆಜ್ಜೆ: ಗುಂಪಿಗೇ ಒಂದು ಖಾತೆ

ದುಡ್ಡು ಕೊಟ್ಟು ಗೂಗಲ್ ವರ್ಕ್‌ಸ್ಪೇಸ್ ತೆಗೆದುಕೊಂಡ ಸಂಸ್ಥೆಗಳಿಗೆ ಶೇರ್ಡ್ ಡ್ರೈವ್ ಅಂತ ಒಂದು ಸೌಲಭ್ಯ ಸಿಗುತ್ತದೆ. ಎಲ್ಲ ಪ್ಲಾನ್‌ಗಳಲ್ಲೂ ಇಲ್ಲ, ಕೇಳಿಕೊಂಡು ತೆಗೆದುಕೊಳ್ಳಿ. ಅದರಲ್ಲಿ ಹಾಕಿದ ಫೈಲ್ ಯಾರೊಬ್ಬರದ್ದೂ ಅಲ್ಲ, ಇಡೀ ತಂಡದ್ದು. ಹಾಕಿದವರು ಕೆಲಸ ಬಿಟ್ಟರೂ ಫೈಲ್ ಅಲ್ಲೇ ಇರುತ್ತದೆ. ಇಪ್ಪತ್ತು ಮೂವತ್ತು ಜನರ ಸಂಸ್ಥೆಯಾದರೆ ಕಣ್ಣು ಮುಚ್ಚಿ ಇದನ್ನೇ ತೆಗೆದುಕೊಳ್ಳಿ ಅನ್ನುತ್ತೇನೆ.

ನಮ್ಮಂಥ ಗುಂಪಿಗೆ ಅಷ್ಟು ಖರ್ಚು ಬೇಡ. ಉಚಿತ ಜಿಮೇಲ್ ಖಾತೆಯಲ್ಲಿ ಶೇರ್ಡ್ ಡ್ರೈವ್ ಮಾಡಲು ಬರುವುದಿಲ್ಲ. ಅದಕ್ಕೇ ಗುಂಪಿನ ಹೆಸರಲ್ಲಿ ಒಂದು ಹೊಸ ಜಿಮೇಲ್ ಮಾಡಿ. ಬ್ಯಾಂಕಿನಲ್ಲಿ ಗುಂಪಿನ ಹೆಸರಲ್ಲಿ ಖಾತೆ ತೆರೆದು ಇಬ್ಬರ ಸಹಿ ಇಡುತ್ತೇವಲ್ಲ, ಅದೇ ಕ್ರಮ ಇಲ್ಲೂ. ರಿಕವರಿಗೆ ಕೊಡುವ ಫೋನ್ ನಂಬರ್ ಒಬ್ಬರದ್ದಾಗಿರಲಿ, ರಿಕವರಿ ಇಮೇಲ್ ಇನ್ನೊಬ್ಬರದ್ದಾಗಿರಲಿ. ಒಬ್ಬರ ಫೋನ್ ಹೊಳೆಗೆ ಬಿದ್ದರೂ ಇನ್ನೊಬ್ಬರಿಂದ ಖಾತೆ ತೆರೆಯಬಹುದು.

ಟೂ ಸ್ಟೆಪ್ ವೆರಿಫಿಕೇಶನ್, ಅಂದರೆ ಪಾಸ್‌ವರ್ಡ್ ಜೊತೆಗೆ ಇನ್ನೊಂದು ಗುರುತು ಕೇಳುವ ವ್ಯವಸ್ಥೆ, ಖಂಡಿತ ಹಾಕಿ. ಹಾಕಿದ ಮೇಲೆ ಬ್ಯಾಕಪ್ ಕೋಡ್ ಅಂತ 10 ಸಂಖ್ಯೆಗಳನ್ನು ಪಡೆಯಬಹುದು. ಒಂದೊಂದೂ 8 ಅಂಕಿಯದ್ದು, ಒಂದೊಂದು ಒಂದು ಸಲ ಮಾತ್ರ ನಡೆಯುತ್ತದೆ. ಓಟಿಪಿ ಬರದ ಜಾಗದಲ್ಲಿ ಇದೇ ದಾರಿ. ನಾನು ಅದನ್ನು ಪ್ರಿಂಟ್ ತೆಗೆದು ಪ್ಲಾಸ್ಟಿಕ್ ಕವರಿಗೆ ಹಾಕಿ, ಗುಂಪಿನ ಪಾಸ್‌ಬುಕ್ ಇರುವ ತಗಡಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಆಷಾಢದಲ್ಲಿ ನಮ್ಮಲ್ಲಿ ಕಾಗದಕ್ಕೆ ಬೂಸ್ಟು ಬರುತ್ತದೆ, ಕವರ್ ಮರೆಯಬೇಡಿ.

ಈ ಖಾತೆಯ ಪಾಸ್‌ವರ್ಡ್ ಹದಿನಾಲ್ಕು ಜನಕ್ಕೂ ಕೊಡಬೇಡಿ. ಇಬ್ಬರು ಸಾಕು. ಉಳಿದವರು ತಮ್ಮ ತಮ್ಮ ಜಿಮೇಲ್‌ನಿಂದಲೇ ಕೆಲಸ ಮಾಡಲಿ, ಗುಂಪಿನ ಖಾತೆಯಿಂದ ಅವರಿಗೆ ಶೇರ್ ಮಾಡಿ. ಆಗ ಯಾರು ಏನು ಬದಲಾಯಿಸಿದರು ಅಂತ ಹೆಸರು ಸಮೇತ ಗೊತ್ತಾಗುತ್ತದೆ. ಇನ್ನೊಂದು ನೆನಪಿರಲಿ: 2 ವರ್ಷ ಯಾರೂ ಬಳಸದ ಖಾತೆಯನ್ನು ಗೂಗಲ್ ಅಳಿಸಬಹುದು. ಮೂರು ವರ್ಷಕ್ಕೊಮ್ಮೆ ಆಗುವ ಜಾತ್ರೆಯ ಸಮಿತಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಸಾಗರದ ಮಾರಿಜಾತ್ರೆ ಮೂರು ವರ್ಷಕ್ಕೊಮ್ಮೆ ತಾನೇ? ಅಂಥ ಕಡೆ ಒಂದು ಜಾತ್ರೆಯ ಲೆಕ್ಕ ಮುಂದಿನ ಜಾತ್ರೆಗೆ ಸಿಗಬೇಕೆಂದರೆ ನಡುವೆ ಒಮ್ಮೆಯಾದರೂ ಖಾತೆಗೆ ಲಾಗಿನ್ ಆಗಿ ಒಂದು ಫೈಲ್ ತೆರೆದು ನೋಡಬೇಕು.

ಮೂರನೇ ಹೆಜ್ಜೆ: ಹಳೆಯದನ್ನು ಗುಂಪಿನ ಹೆಸರಿಗೆ ಮಾಡಿಸಿ

ಖಾತೆ ಬದಲಾವಣೆ ಅಂದರೆ ಇದೇ ನೋಡಿ. ಫೈಲಿನ ಈಗಿನ ಓನರ್ ಕಂಪ್ಯೂಟರ್‌ನಲ್ಲಿ ಡ್ರೈವ್ ತೆರೆದು, ಮೊದಲು ಗುಂಪಿನ ಜಿಮೇಲ್‌ಗೆ ಆ ಫೈಲ್ ಶೇರ್ ಮಾಡಬೇಕು. ಆಮೇಲೆ ಶೇರ್ ಪೆಟ್ಟಿಗೆಯಲ್ಲೇ ಗುಂಪಿನ ಹೆಸರಿನ ಮುಂದಿನ ಬಾಣ ಒತ್ತಿ ಟ್ರಾನ್ಸ್‌ಫರ್ ಓನರ್‌ಶಿಪ್ ಆರಿಸಬೇಕು. ಗುಂಪಿನ ಜಿಮೇಲ್‌ಗೆ ಒಂದು ಮೇಲ್ ಬರುತ್ತದೆ. ಅದನ್ನು ತೆರೆದು ಒಪ್ಪಿಕೊಂಡರೆ ಮಾತ್ರ ಕೆಲಸ ಮುಗಿಯಿತು. ಸುಮಾರು ಕಡೆ ಮೇಲ್ ಕಳಿಸಿ ಆಯಿತು ಅಂತ ಎದ್ದು ಹೋಗುತ್ತಾರೆ, ಆ ಕಡೆಯವರು ಒಪ್ಪಿಕೊಂಡೇ ಇರುವುದಿಲ್ಲ.

ಫೋಲ್ಡರನ್ನು ವರ್ಗಾಯಿಸಿದರೆ ಒಳಗಿನದ್ದೆಲ್ಲ ಬಂದುಬಿಡುತ್ತದೆ ಅಂತ ನಂಬಬೇಡಿ. ಒಳಗಿನ ಫೈಲ್‌ಗಳ ಓನರ್ ಹೆಸರನ್ನು ಬೇರೆಯಾಗಿ ನೋಡಿ. ಫೈಲ್ ಜಾಸ್ತಿ ಇದ್ದರೆ ಸುಲಭದ ದಾರಿ ಬೇರೆ ಇದೆ: ಗುಂಪಿನ ಖಾತೆಯಿಂದ ಲಾಗಿನ್ ಆಗಿ ಬೇಕಾದ ಫೈಲ್‌ಗಳನ್ನು ಆರಿಸಿ ಮೇಕ್ ಎ ಕಾಪಿ ಕೊಡಿ. ಕಾಪಿ ಮಾಡಿದವರೇ ಕಾಪಿಗೆ ಓನರ್. ನಾವು ತಿಂಗಳ ಕೊನೆಯ ಭಾನುವಾರ ಇದನ್ನೇ ಮಾಡುತ್ತೇವೆ. ಆ ತಿಂಗಳು ಸದಸ್ಯರು ಹಾಕಿದ್ದರಲ್ಲಿ ಮುಖ್ಯವಾದದ್ದನ್ನು ಗುಂಪಿನ ಖಾತೆಗೆ ಕಾಪಿ ಮಾಡಿಕೊಂಡು, "ಕಾಪಿ ಆಯಿತು" ಅಂತ ವಾಟ್ಸಾಪ್‌ನಲ್ಲಿ ಹಾಕುತ್ತೇನೆ. ಆಮೇಲೆ ಅವರು ಬೇಕಾದರೆ ತಮ್ಮದನ್ನು ಅಳಿಸಬಹುದು.

ಫೋಟೊ ಸಂಗ್ರಹಕ್ಕೆ ಗೂಗಲ್ ಫಾರ್ಮ್ ಇನ್ನೂ ಒಳ್ಳೆಯದು. ಫಾರ್ಮ್‌ನಲ್ಲಿ ಫೈಲ್ ಅಪ್‌ಲೋಡ್ ಅನ್ನುವ ಪ್ರಶ್ನೆ ಸೇರಿಸಿದರೆ, ಸದಸ್ಯರು ಹಾಕಿದ ಫೋಟೊ ನೇರವಾಗಿ ಫಾರ್ಮ್ ಮಾಡಿದವರ ಡ್ರೈವ್‌ಗೆ ಬರುತ್ತದೆ. ಗುಂಪಿನ ಖಾತೆಯಿಂದ ಫಾರ್ಮ್ ಮಾಡಿದರೆ ಫೋಟೊ ಗುಂಪಿನ ಡ್ರೈವ್‌ನಲ್ಲೇ. ಹಾಕುವವರು ಗೂಗಲ್ ಖಾತೆಗೆ ಲಾಗಿನ್ ಆಗಿರಬೇಕು, ಅಷ್ಟೇ. ನಮ್ಮ ಫಾರ್ಮ್‌ನಲ್ಲಿ ನಾಲ್ಕೇ ಪ್ರಶ್ನೆ: ಯಾರ ತೋಟ, ಯಾವ ತಾರೀಕು, ಏನು ಕಂಡಿತು, ಫೋಟೊ. ಎಪ್ಪತ್ತು ದಾಟಿದ ನಮ್ಮ ದೊಡ್ಡಪ್ಪನೂ ತುಂಬುತ್ತಾರೆ. ವಾಟ್ಸಾಪ್‌ನಲ್ಲಿ ಸುಮ್ನೆ ಕಳಿಸಿದರೆ ಫೋಟೊ ಕುಗ್ಗಿ ಬರುತ್ತದೆ, ಹಿಗ್ಗಿಸಿ ನೋಡಿದರೆ ಚುಕ್ಕಿಯ ಅಂಚು ಕಾಣುವುದಿಲ್ಲ. ಎಲೆಚುಕ್ಕಿಯಲ್ಲಿ ಆ ಹಳದಿ ಅಂಚು ನೋಡುವುದು ಮುಖ್ಯ.

ಉಚಿತ ಖಾತೆಗೆ ಸಿಗುವ ಜಾಗ 15 ಜಿಬಿ. ಜಿಮೇಲ್, ಡ್ರೈವ್, ಗೂಗಲ್ ಫೋಟೋಸ್ ಮೂರೂ ಸೇರಿ ಅಷ್ಟು. ಗುಂಪಿನ ಖಾತೆಯನ್ನು ಯಾರ ಫೋನಿನಲ್ಲೂ ಫೋಟೊ ಬ್ಯಾಕಪ್‌ಗೆ ಹಾಕಬೇಡಿ. ಯಾರದ್ದೋ ಮನೆಯ ಮದುವೆ ಫೋಟೊ ಬಂದು ಜಾಗ ತುಂಬಿಬಿಡುತ್ತದೆ.

ಫೋಲ್ಡರ್ ಎಷ್ಟಿರಬೇಕು?

ಕಡಿಮೆ ಇದ್ದಷ್ಟೂ ಒಳ್ಳೆಯದು. ನಮ್ಮಲ್ಲಿ ಐದು. ಹೆಸರಿನ ಹಿಂದೆ ಅಂಕಿ ಹಾಕಿದ್ದೇವೆ, ಆಗ ಎಲ್ಲರ ಫೋನಿನಲ್ಲೂ ಒಂದೇ ಸಾಲಿನಲ್ಲಿ ಕಾಣುತ್ತದೆ:

01 ಸಭೆ ನಡವಳಿ
02 ಲೆಕ್ಕ ಮತ್ತು ಬಿಲ್
03 ಔಷಧಿ ಮತ್ತು ರೋಗದ ದಾಖಲೆ
04 ಮಾರಾಟ
05 ಸದಸ್ಯರ ಕಾಗದಪತ್ರ

ಪ್ರತಿಯೊಂದರ ಒಳಗೆ ವರ್ಷ: 2023-24, 2024-25 ಹೀಗೆ. ಅಲ್ಲಿಗೆ ನಿಲ್ಲಿಸಿ. ಮೂರು ಸಲ ಒತ್ತಿದರೂ ಫೈಲ್ ಸಿಗದಿದ್ದರೆ ಜನ ಹುಡುಕುವುದು ಬಿಟ್ಟು "ಅಕ್ಕಾ ಇನ್ನೊಂದ್ಸಲ ಕಳ್ಸಿ" ಅನ್ನುತ್ತಾರೆ. ಒಂದೇ ಫೈಲ್ ಎರಡು ಕಡೆ ಬೇಕು ಅನ್ನಿಸಿದರೆ ಕಾಪಿ ಮಾಡಬೇಡಿ, ಶಾರ್ಟ್‌ಕಟ್ ಹಾಕಿ. ಎರಡು ಕಾಪಿ ಇದ್ದರೆ ಒಂದನ್ನು ತಿದ್ದುತ್ತೇವೆ, ಇನ್ನೊಂದು ಹಳೆಯದಾಗೇ ಉಳಿಯುತ್ತದೆ.

ಯಾರಿಗೆ ಎಲ್ಲಿವರೆಗೆ ಪ್ರವೇಶ

ಮನೆಗೆ ಬಂದವರೆಲ್ಲ ಜಗಲಿಯಲ್ಲಿ ಕೂರಬಹುದು. ಅಡುಗೆಮನೆಗೆ ಮನೆಯವರು. ಪೆಟ್ಟಿಗೆಯ ಬೀಗದ ಕೈ ಒಬ್ಬಿಬ್ಬರ ಹತ್ತಿರ. ಡ್ರೈವ್‌ನಲ್ಲೂ ಹೀಗೇ ಮೂರು ದರ್ಜೆ ಇದೆ. ವ್ಯೂವರ್ ನೋಡಬಹುದು. ಕಾಮೆಂಟರ್ ನೋಡಿ ಪಕ್ಕದಲ್ಲಿ ಮಾತು ಬರೆಯಬಹುದು. ಎಡಿಟರ್ ತಿದ್ದಬಹುದು, ಸೇರಿಸಬಹುದು, ತೆಗೆಯಬಹುದು.

ಸಲುಗೆಯಿಂದ ಎಲ್ಲರಿಗೂ ಎಡಿಟರ್ ಕೊಡುವುದು ನಮ್ಮ ಕಡೆಯ ಅಭ್ಯಾಸ. ಕೊಡದಿದ್ದರೆ ಬೇಜಾರಾಗುತ್ತಾರೆ ಅನ್ನುವ ಅಳುಕು. ನಾವು ಸಭೆಯಲ್ಲೇ ಮಾತಾಡಿ ತೀರ್ಮಾನಿಸಿದೆವು. ಔಷಧಿ ದಾಖಲೆಗೆ ಎಲ್ಲರೂ ಎಡಿಟರ್. ಲೆಕ್ಕಕ್ಕೆ ಮೂವರು ಎಡಿಟರ್, ಉಳಿದವರು ವ್ಯೂವರ್. ಲೆಕ್ಕ ಎಲ್ಲರಿಗೂ ಕಾಣಲೇಬೇಕು, ಅದರಲ್ಲಿ ಮುಚ್ಚುಮರೆ ಇರಬಾರದು. ನಡವಳಿಗೆ ಎಲ್ಲರೂ ಕಾಮೆಂಟರ್, ಯಾಕೆಂದರೆ "ನಾನು ಹಾಗೆ ಹೇಳಿರಲಿಲ್ಲ" ಅನ್ನಲು ಎಲ್ಲರಿಗೂ ಹಕ್ಕಿದೆ.

ಶೇರ್ ಪೆಟ್ಟಿಗೆಯ ಮೇಲಿನ ಹಲ್ಲುಚಕ್ರದ ಗುರುತು ಒತ್ತಿದರೆ, ಎಡಿಟರ್‌ಗಳು ಬೇರೆಯವರಿಗೆ ಶೇರ್ ಮಾಡಬಹುದೇ ಅಂತ ಒಂದು ಟಿಕ್ ಇರುತ್ತದೆ. ಅದನ್ನು ತೆಗೆಯಿರಿ. ಹೊಸಬರನ್ನು ಸೇರಿಸುವ ಕೆಲಸ ಗುಂಪಿನ ಖಾತೆಯಿಂದ ಮಾತ್ರ ಆಗಲಿ.

ಇನ್ನು ಐದನೇ ಫೋಲ್ಡರ್, ಸದಸ್ಯರ ಕಾಗದಪತ್ರ. ಇದರ ಬಗ್ಗೆ ನನಗೆ ನಿಜವಾಗಿ ಆತಂಕ ಇದೆ. ಸಬ್ಸಿಡಿ ಅರ್ಜಿ, ವಿಮೆ, ಸಾಲ ಅಂತ ಆಧಾರ್, ಪಹಣಿ, ಪಾಸ್‌ಬುಕ್ ಪ್ರತಿಗಳನ್ನು ನಾವು ಎಷ್ಟು ಸಲೀಸಾಗಿ ಹಂಚುತ್ತೇವೆ! ಡ್ರೈವ್‌ನಲ್ಲಿ "ಎನಿವನ್ ವಿತ್ ದಿ ಲಿಂಕ್" ಅಂತ ಇಟ್ಟು ಆ ಲಿಂಕನ್ನು ವಾಟ್ಸಾಪ್ ಗುಂಪಿಗೆ ಹಾಕಿದರೆ, ಅದು ಎಲ್ಲಿಗೆ ಫಾರ್ವರ್ಡ್ ಆದರೂ ಅಲ್ಲಿನವರಿಗೆ ಬಾಗಿಲು ತೆರೆದಂತೆ. ಲಾಗಿನ್ ಕೂಡ ಬೇಡ. ಈ ಫೋಲ್ಡರ್ ಯಾವಾಗಲೂ "ರಿಸ್ಟ್ರಿಕ್ಟೆಡ್" ಆಗಿರಬೇಕು, ಇಬ್ಬರ ಹೆಸರು ಮಾತ್ರ ಅದರಲ್ಲಿರಬೇಕು. ಆಧಾರ್ ಸಂಖ್ಯೆ ಪೂರ್ತಿ ಬೇಕಿಲ್ಲದ ಕಡೆಗೆ ಮಾಸ್ಕ್ಡ್ ಆಧಾರ್ ಸಾಕು. ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತದೆ, ಆಧಾರ್ ಕೊಡುವ ಸಂಸ್ಥೆ ಯುಐಡಿಎಐಯ ತಾಣದಿಂದಲೇ ಇಳಿಸಿಕೊಳ್ಳಬಹುದು. ಅರ್ಜಿಯ ಕೆಲಸ ಮುಗಿದ ಮೇಲೆ ಪ್ರತಿಗಳನ್ನು ಅಳಿಸಿ. ಇಟ್ಟುಕೊಳ್ಳುವುದರಿಂದ ಲಾಭವಿಲ್ಲ.

ಮೇಲಿನ ಫೋಲ್ಡರಿಗೆ ಕೊಟ್ಟ ಪ್ರವೇಶ ಕೆಳಗಿನದ್ದಕ್ಕೂ ಇಳಿಯುತ್ತದೆ ಅನ್ನುವುದನ್ನು ಇಲ್ಲೇ ಹೇಳಬೇಕು. "ನಮ್ಮ ಗುಂಪು" ಅನ್ನುವ ದೊಡ್ಡ ಫೋಲ್ಡರನ್ನು ಎಲ್ಲರಿಗೂ ಶೇರ್ ಮಾಡಿದರೆ ಒಳಗಿನ ಐದೂ ಎಲ್ಲರಿಗೂ ಕಾಣುತ್ತವೆ. ಹಾಗಾಗಿ ಕಾಗದಪತ್ರದ ಫೋಲ್ಡರನ್ನು ಅದರ ಹೊರಗೆ, ಬೇರೆಯಾಗಿಯೇ ಇಡಿ. ಲೆಕ್ಕ, ನಡವಳಿಯಂಥ ಬೇರೆ ಬೇರೆ ದರ್ಜೆಯವನ್ನೂ ಒಂದೊಂದಾಗಿ ಶೇರ್ ಮಾಡಿ.

ಹೆಸರು ಇಡುವುದು, ಮತ್ತು ನುಡಿಯ ತೊಡಕು

ಫೈಲಿನ ಹೆಸರು ತಾರೀಕಿನಿಂದ ಶುರುವಾಗಲಿ. ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ: "2024-07-12 ಬೋರ್ಡೊ ಎರಡನೇ ಸಲ ಮೇಲಿನ ತೋಟ". ದಿನ ಮೊದಲು ಹಾಕಿದರೆ ಜನವರಿಯ 12, ಜುಲೈನ 12 ಎಲ್ಲ ಒಟ್ಟಿಗೆ ಬಂದು ಕೂರುತ್ತವೆ. ಜುಲೈಗೆ 7 ಅಂತ ಬರೆಯದೆ 07 ಅಂತಲೇ ಬರೆಯಿರಿ, ಇಲ್ಲದಿದ್ದರೆ ಕೆಲವು ಕಡೆ 10, 11, 12 ಮುಗಿದ ಮೇಲೆ 7 ಬರುತ್ತದೆ. "ಫೈನಲ್", "ಹೊಸ ಫೈನಲ್", "ಇದೇ ಫೈನಲ್" ಅನ್ನುವ ಹೆಸರು ಬೇಡವೇ ಬೇಡ. ಹೆಸರಲ್ಲಿ ಓರೆ ಗೆರೆ, ಪ್ರಶ್ನೆ ಗುರುತು, ನಕ್ಷತ್ರದ ಗುರುತು, ಎರಡು ಚುಕ್ಕಿಯ ಗುರುತು ಬಳಸಬೇಡಿ. ಗೂಗಲ್ ಒಪ್ಪಿಕೊಂಡರೂ ವಿಂಡೋಸ್ ಮತ್ತು ಮೈಕ್ರೋಸಾಫ್ಟ್‌ನ ಡ್ರೈವ್ ಆದ ಒನ್‌ಡ್ರೈವ್ ಒಪ್ಪುವುದಿಲ್ಲ.

ಹೆಸರು ಕನ್ನಡದಲ್ಲೇ ಇಡಿ. ಧಾರಾಳವಾಗಿ ನಡೆಯುತ್ತದೆ, ಹುಡುಕಿದರೂ ಸಿಗುತ್ತದೆ. ತೊಡಕು ಇರುವುದು ಹಳೆಯ ಫೈಲ್‌ಗಳಲ್ಲಿ.

ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದಲ್ಲಿ ನಮ್ಮಲ್ಲಿ ಸುಮಾರು ಜನ ಟೈಪಿಂಗ್ ಕಲಿತವರು. ಹಳೆಯ ನುಡಿ ಅಕ್ಷರಗಳಲ್ಲಿ ಬರೆದ ಫೈಲ್‌ಗಳು ಒಳಗೆ ಯುನಿಕೋಡ್ ಆಗಿರುವುದಿಲ್ಲ, ಅಂದರೆ ಎಲ್ಲ ಕಂಪ್ಯೂಟರ್, ಫೋನ್‌ಗಳೂ ಓದಬಲ್ಲ ಅಕ್ಷರ ಸಂಕೇತದಲ್ಲಿ ಇರುವುದಿಲ್ಲ. ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇದ್ದರೆ ಚೆಂದವಾಗಿ ಕನ್ನಡ ಕಾಣುತ್ತದೆ. ಅದೇ ಫೈಲನ್ನು ಡ್ರೈವ್‌ಗೆ ಹಾಕಿ ಫೋನಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. 2016ರ ನಮ್ಮ ಸಭೆಯ ನಡವಳಿ ತೆರೆದ ಸದಸ್ಯರೊಬ್ಬರು ವೈರಸ್ ಬಂದಿದೆ ಅಂತಲೇ ಹೆದರಿದ್ದರು. ಕಾಣದಿರುವುದಷ್ಟೇ ಅಲ್ಲ, "ಮೈಲುತುತ್ತ" ಅಂತ ಹುಡುಕಿದರೆ ಆ ಫೈಲ್ ಬರುವುದೂ ಇಲ್ಲ.

ಪರಿಹಾರ ಕಷ್ಟದ್ದಲ್ಲ. ಆಸ್ಕಿ ಅಂತ ಕರೆಯುವ ಈ ಹಳೆಯ ಬಗೆಯಿಂದ ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಹಳೆಯ ಫೈಲಿನ ಬರಹವನ್ನು ಕಾಪಿ ಮಾಡಿ ಅದಕ್ಕೆ ಹಾಕಿ, ಬಂದದ್ದನ್ನು ಗೂಗಲ್ ಡಾಕ್‌ಗೆ ಹಾಕಿ. ಒತ್ತಕ್ಷರ, ಅರ್ಕಾವೊತ್ತು ಇರುವಲ್ಲಿ ಒಮ್ಮೆ ಕಣ್ಣಾಡಿಸಿ. ಅಂಕಿಗಳನ್ನು ಮೂಲದ ಜೊತೆ ಹೋಲಿಸಿ. ದಿನಕ್ಕೆ ಎರಡು ನಡವಳಿಯಂತೆ ನಾನು ಒಂದು ತಿಂಗಳಲ್ಲಿ ಮುಗಿಸಿದೆ. ಇನ್ನು ಮುಂದೆ ಬರೆಯುವುದನ್ನು ಯುನಿಕೋಡ್‌ನಲ್ಲೇ ಬರೆಯಿರಿ. ನುಡಿಯಲ್ಲೇ ಯುನಿಕೋಡ್ ಆಯ್ಕೆ ಇದೆ, ಕೈಗೆ ಕೂತ ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯೇ ಸಾಕು, ಹೊಸದೇನೂ ಕಲಿಯಬೇಕಿಲ್ಲ. ಅಕ್ಷರರೂಪಕ್ಕೆ ವಿಂಡೋಸ್‌ನ ಹಳೆಯ ಕನ್ನಡ ಯುನಿಕೋಡ್ ಫಾಂಟ್ ಇದೆ, ಹೆಸರು ತುಂಗಾ. ನಮ್ಮ ಹೊಳೆಯದ್ದೇ ಹೆಸರು.

ಮಳೆಗಾಲದ ವ್ಯವಸ್ಥೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಕರೆಂಟೂ ನಂಬಿಕೆಯದ್ದಲ್ಲ, ನೆಟ್‌ವರ್ಕೂ ನಂಬಿಕೆಯದ್ದಲ್ಲ. ಕೊಳೆ ಔಷಧಿ ಹೊಡೆಯುವ ಸಮಯವೂ ಅದೇ. ದಾಖಲೆ ಬೇಕಾಗುವುದೂ ಆಗಲೇ.

ಡ್ರೈವ್ ಆಪ್‌ನಲ್ಲಿ ಬೇಕಾದ ಫೈಲಿನ ಮೂರು ಚುಕ್ಕೆ ಒತ್ತಿ ಮೇಕ್ ಅವೈಲಬಲ್ ಆಫ್‌ಲೈನ್ ಆರಿಸಿ. ನೆಟ್‌ವರ್ಕ್ ಇಲ್ಲದೆಯೂ ಅದು ತೆರೆಯುತ್ತದೆ. ಗೂಗಲ್ ಶೀಟ್ ಅಥವಾ ಡಾಕ್ ಆದರೆ ಬರೆಯಲೂ ಬಹುದು. ಗುಡ್ಡದ ಮೇಲೆ ಸಿಗ್ನಲ್ ಸಿಗುವ ಜಾಗಕ್ಕೆ ಹೋದಾಗ ತಾನಾಗೇ ಸೇರಿಕೊಳ್ಳುತ್ತದೆ. ಎಕ್ಸೆಲ್ ಫೈಲನ್ನು ಇಳಿಸಿಕೊಂಡು ಮನೆಯಲ್ಲಿ ತಿದ್ದಿ ಮತ್ತೆ ಏರಿಸುವ ಪದ್ಧತಿ ಬಿಡಿ. ಇಬ್ಬರು ಒಂದೇ ವಾರದಲ್ಲಿ ಹಾಗೆ ಮಾಡಿದರೆ ಎರಡು ಲೆಕ್ಕ ಹುಟ್ಟುತ್ತದೆ.

ಇನ್ನೊಂದು ಸಣ್ಣ ವಿಷಯ, ಆದರೆ ನಮ್ಮನ್ನು ಸುಮಾರು ಸತಾಯಿಸಿದ್ದು. ಡ್ರೈವ್ ಆಪ್‌ನ ಸೆಟ್ಟಿಂಗ್ಸ್‌ನಲ್ಲಿ ವೈಫೈ ಇದ್ದಾಗ ಮಾತ್ರ ಫೈಲ್ ಕಳಿಸು ಅನ್ನುವ ಆಯ್ಕೆ ಇದೆ. ಅದು ಆನ್ ಆಗಿದ್ದರೆ ಮನೆಯಲ್ಲಿ ವೈಫೈ ಇಲ್ಲದವರ ಫೋಟೊ "ವೇಟಿಂಗ್ ಫಾರ್ ವೈಫೈ" ಅಂತ ಫೋನಿನಲ್ಲೇ ಉಳಿದಿರುತ್ತದೆ. ಅವರು ಕಳಿಸಿದೆ ಅನ್ನುತ್ತಾರೆ, ನಮಗೆ ಬಂದಿರುವುದಿಲ್ಲ. ಎಲ್ಲರ ಫೋನಿನಲ್ಲೂ ಒಮ್ಮೆ ನೋಡಿ ಆಫ್ ಮಾಡಿಸಿ.

ಕೈತಪ್ಪಿ ಹೋದಾಗ

ಗಾಬರಿಯಾಗಬೇಡಿ, ಆದರೆ ತಡವನ್ನೂ ಮಾಡಬೇಡಿ. ಅಳಿಸಿದವರು ಓನರ್ ಆಗಿದ್ದರೆ ಅವರ ಟ್ರ್ಯಾಶ್‌ನಲ್ಲಿ 30 ದಿನ ಇರುತ್ತದೆ, ರಿಸ್ಟೋರ್ ಒತ್ತಿಸಿ. ಓನರ್ ಅಲ್ಲದ ಎಡಿಟರ್ ಒಬ್ಬರು ಫೋಲ್ಡರಿನಿಂದ ತೆಗೆದಿದ್ದರೆ ಫೈಲ್ ಸತ್ತಿರುವುದಿಲ್ಲ, ಮನೆ ಕಳೆದುಕೊಂಡು ಅಲೆಯುತ್ತಿರುತ್ತದೆ. ಓನರ್ ತಮ್ಮ ಡ್ರೈವ್‌ನ ಹುಡುಕುವ ಜಾಗದಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ "is:unorganized owner:me" ಅಂತ ಟೈಪ್ ಮಾಡಿದರೆ ಅಂಥ ಫೈಲ್‌ಗಳೆಲ್ಲ ಬರುತ್ತವೆ.

ಒಳಗಿನ ಲೆಕ್ಕ ಕೆಟ್ಟಿದ್ದರೆ ಶೀಟ್‌ನ ಫೈಲ್ ಮೆನುವಿನಲ್ಲಿ ವರ್ಷನ್ ಹಿಸ್ಟರಿ ನೋಡಿ. ಯಾವ ದಿನ ಹೇಗಿತ್ತೋ ಆ ರೂಪಕ್ಕೆ ಹಿಂದೆ ಹೋಗಬಹುದು. ಒಂದೇ ಮನೆಯ ಅಂಕಿ ಬದಲಾಗಿದ್ದರೆ ಆ ಚೌಕದ ಮೇಲೆ ರೈಟ್ ಕ್ಲಿಕ್ ಮಾಡಿ ಶೋ ಎಡಿಟ್ ಹಿಸ್ಟರಿ ಒತ್ತಿ, ಯಾರು ಯಾವಾಗ ಬದಲಿಸಿದರು ಅಂತ ಬರುತ್ತದೆ. ಒಂದು ಸಲ ರಾಶಿ ಅಡಿಕೆಯ ದರದ ಸಾಲಿನಲ್ಲಿ ಬೆಟ್ಟೆಯ ದರ ಸೇರಿಕೊಂಡಿತ್ತು. ಎರಡು ನಿಮಿಷದಲ್ಲಿ ಗೊತ್ತಾಯಿತು, ಜಗಳ ಆಗಲಿಲ್ಲ. ಮುಖ್ಯವಾದ ಸಾಲುಗಳಿಗೆ ಡೇಟಾ ಮೆನುವಿನಿಂದ ಪ್ರೊಟೆಕ್ಟ್ ಹಾಕಿಟ್ಟರೆ ಇನ್ನೂ ನಿಶ್ಚಿಂತೆ. ಪಿಡಿಎಫ್, ಫೋಟೊಗಳಂಥ ಫೈಲ್ ಆದರೆ ಹಳೆಯ ರೂಪ 30 ದಿನ ಅಥವಾ 100 ರೂಪದವರೆಗೆ ಮಾತ್ರ ಉಳಿಯುತ್ತದೆ. ಉಳಿಯಲೇಬೇಕಾದ್ದಕ್ಕೆ ಕೀಪ್ ಫಾರೆವರ್ ಕೊಡಿ.

ಇಷ್ಟೆಲ್ಲ ಇದ್ದರೂ ವರ್ಷಕ್ಕೆ ಎರಡು ಸಲ, ಯುಗಾದಿಗೆ ಮತ್ತು ದೀಪಾವಳಿಗೆ, ಇಡೀ ಫೋಲ್ಡರನ್ನು ಇಳಿಸಿ ಒಂದು ಹಾರ್ಡ್ ಡಿಸ್ಕ್‌ಗೆ ಹಾಕುತ್ತೇನೆ.

ಟೀಮ್ಸ್ ಬಳಸುವವರಿಗೆ

ಶಿವಮೊಗ್ಗದಲ್ಲಿ ಕೆಲಸ ಮಾಡುವ ನನ್ನ ತಂಗಿಯ ಆಫೀಸಿನಲ್ಲಿ ಮೈಕ್ರೋಸಾಫ್ಟ್ ಟೀಮ್ಸ್ ಇದೆ. ಅಲ್ಲೂ ಪ್ರಶ್ನೆ ಅದೇ, ಫೈಲ್ ಎಲ್ಲಿ ಕೂತಿದೆ? ಚಾನೆಲ್‌ನಲ್ಲಿ ಹಾಕಿದ ಫೈಲ್ ಶೇರ್‌ಪಾಯಿಂಟ್ ಅನ್ನುವ, ತಂಡದ ಫೈಲ್ ಇಡುವ ಮೈಕ್ರೋಸಾಫ್ಟ್ ಜಾಗಕ್ಕೆ ಹೋಗುತ್ತದೆ, ಚಾನೆಲ್‌ಗೆ ಒಂದು ಫೋಲ್ಡರ್. ಅದು ತಂಡದ್ದು. ಚಾಟ್‌ನಲ್ಲಿ ಹಾಕಿದ ಫೈಲ್ ಕಳಿಸಿದವರ ಒನ್‌ಡ್ರೈವ್‌ನಲ್ಲಿ, "ಮೈಕ್ರೋಸಾಫ್ಟ್ ಟೀಮ್ಸ್ ಚಾಟ್ ಫೈಲ್ಸ್" ಅನ್ನುವ ಫೋಲ್ಡರಿನಲ್ಲಿ ಇರುತ್ತದೆ. ನೋಡಲು ಎರಡೂ ಒಂದೇ ಥರ ಕಾಣುತ್ತವೆ. ಕಳಿಸಿದವರು ಕೆಲಸ ಬಿಟ್ಟು, ಅವರ ಖಾತೆ ತೆಗೆದರೆ, ಅವರ ಒನ್‌ಡ್ರೈವ್ ಬೇರೆ ವ್ಯವಸ್ಥೆ ಮಾಡದಿದ್ದರೆ 30 ದಿನವಷ್ಟೇ ಉಳಿಯುತ್ತದೆ. ಆದ್ದರಿಂದ ಉಳಿಯಬೇಕಾದ ಫೈಲ್ ಚಾನೆಲ್‌ಗೆ ಹಾಕಿ, ಚಾಟ್‌ನಲ್ಲಿ ಅದರ ಲಿಂಕ್ ಕಳಿಸಿ.

ಪ್ರೈವೇಟ್ ಚಾನೆಲ್‌ನ ಫೈಲ್‌ಗಳಿಗೆ ಶೇರ್‌ಪಾಯಿಂಟ್‌ನಲ್ಲಿ ಬೇರೆಯೇ ಜಾಗ ಇರುತ್ತದೆ, ಆ ಚಾನೆಲ್‌ನಲ್ಲಿ ಇಲ್ಲದವರಿಗೆ ಕಾಣುವುದಿಲ್ಲ. ಶೇರ್‌ಪಾಯಿಂಟ್‌ನಲ್ಲಿ ಅಳಿಸಿದ್ದು 93 ದಿನ ಸಿಗುತ್ತದೆ, ಅಷ್ಟರ ಮಟ್ಟಿಗೆ ಡ್ರೈವ್‌ಗಿಂತ ಉಸಿರಾಡಲು ಜಾಸ್ತಿ ಸಮಯ.

ಒಬ್ಬರು ಗುಂಪು ಬಿಡುವಾಗ

ಹೊರಡುವ ದಿನಕ್ಕೆ ಮೊದಲೇ ಅವರ ಜೊತೆ ಒಂದು ಗಂಟೆ ಕೂರಿ. ಅವರ ಡ್ರೈವ್‌ನಲ್ಲಿ ಗುಂಪಿಗೆ ಸೇರಿದ್ದು ಏನಿದೆ ಅಂತ ಒಟ್ಟಿಗೆ ನೋಡಿ, ಗುಂಪಿನ ಹೆಸರಿಗೆ ಮಾಡಿಸಿ ಅಥವಾ ಕಾಪಿ ಮಾಡಿಕೊಳ್ಳಿ. ಗುಂಪಿನ ಖಾತೆಯಿಂದ ಒಂದೆರಡು ಫೈಲ್ ತೆರೆದು ಓನರ್ ಹೆಸರು ಬದಲಾಗಿದೆಯೇ ಅಂತ ಕಣ್ಣಾರೆ ನೋಡಿ. ರಿಕವರಿ ನಂಬರ್ ಅವರದ್ದಿದ್ದರೆ ಬದಲಿಸಿ. ಪಾಸ್‌ವರ್ಡ್ ಅವರಿಗೆ ಗೊತ್ತಿದ್ದರೆ ಹೊಸದು ಹಾಕಿ, ಹಳೆಯ ಬ್ಯಾಕಪ್ ಕೋಡ್ ರದ್ದು ಮಾಡಿ ಹೊಸದನ್ನು ಪ್ರಿಂಟ್ ತೆಗೆದು ಪೆಟ್ಟಿಗೆಗೆ ಸೇರಿಸಿ. ಇದನ್ನೆಲ್ಲ ಅವರ ಎದುರಿಗೇ ಮಾಡಿ, ಅನುಮಾನಪಟ್ಟ ಹಾಗೆ ಅವರಿಗೂ ಅನ್ನಿಸುವುದಿಲ್ಲ.

ಕೊನೆಗೆ ಪ್ರತಿ ಫೋಲ್ಡರಿನ ಶೇರ್ ಪಟ್ಟಿಯಿಂದ ಅವರ ಹೆಸರು ತೆಗೆಯಿರಿ. ಕಳೆದ ಫೆಬ್ರವರಿಯಲ್ಲಿ ನಮ್ಮಲ್ಲಿ ಒಬ್ಬರು ತೋಟ ಮಾರಿ ಮಗಳ ಮನೆಗೆ ಹೊರಟಾಗ ಹೀಗೇ ಮಾಡಿದೆವು. ಕಾಫಿ ಕುಡಿದು ಏಳುವಷ್ಟರಲ್ಲಿ ಮುಗಿದಿತ್ತು. ಅವರ ತೋಟದ ಮೂರು ವರ್ಷದ ಔಷಧಿ ದಾಖಲೆ ಮಾತ್ರ ನಮ್ಮಲ್ಲೇ ಉಳಿಯಿತು, ಈಗ ಆ ತೋಟ ಕೊಂಡವರು ಅದನ್ನು ನೋಡಿಕೊಂಡೇ ಈ ಸಲದ ಮೊದಲ ಬೋರ್ಡೊ ಹೊಡೆದರು.